ಎಂಟೂವರೆ ಅಡಿ

ಮಾಂದ್ರೆಯಲ್ಲಿ ಮಿಂಗೆಲನ ಶೆಡ್ಡು.
ತಗಡಿನ ಮಾಡು, ಮೇಲೆ ಬಿದ್ದ ಗೋಡಂಬಿ ಎಲೆ,
ಒಳಗೆ ಮೂಗು ಹಿಂಡುವ ರೆಸಿನ್ ವಾಸನೆ.
ಗೋಡೆಗೊರಗಿ ನಿಂತ ಹಲಗೆಗಳು
ವಧುಪರೀಕ್ಷೆಗೆ ಬಂದ ಗಂಡಿನ ಕಡೆಯವರಂತೆ
ನನ್ನನ್ನೇ ನೋಡುತ್ತವೆ.

ನನ್ನ ಕಣ್ಣು ನೆಟ್ಟಿದ್ದು ಮೂಲೆಯ ಬಿಳಿಯದರ ಮೇಲೆ.
ಐದಡಿ ಹತ್ತಂಗುಲ. ಸಪೂರ. ಮೂತಿ ಚೂಪು.
ಕಂಕುಳಲ್ಲಿ ಇಟ್ಟರೆ ಮಡಚಿದ ಛತ್ರಿಯ ಹಗುರ.
ಎರಡು ವರ್ಷ ಬಾಡಿಗೆಯ ನೀಲಿ ಸ್ಪಂಜಿನ ಮೇಲೆ
ಹೊಟ್ಟೆ ತರಚಿಕೊಂಡವಳಿಗೆ
ಅದು ಬೇಕಾಗಿತ್ತು,
ಬಾಯಿತನಕ ಬಂದ ಬೈಗುಳದ ಹಾಗೆ.

"ತೂಕ ಎಷ್ಟು ಸಿಸ್ಟರ್?"
"ಐವತ್ತೆಂಟು."
"ಒಂದು ಬೆಳಿಗ್ಗೆಗೆ ಎಷ್ಟು ಅಲೆ ಮೇಲೆ ಎದ್ದು ನಿಲ್ಲುತ್ತೀರಿ?"
"ಹತ್ತು."
ಮಿಂಗೆಲ್ ಕಿವಿಯ ಪೆನ್ಸಿಲ್ ತೆಗೆದು
ರಟ್ಟಿನ ಮೇಲೆ ಬರೆದ:
ಅರವತ್ತೈದು. ನಾಲ್ಕು.

ಸಿಟ್ಟು ಬರಲಿಲ್ಲ.
ಮಾಪ್ಸಾದ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ
ನಾನು ಮಾಡುವುದೂ ಇದನ್ನೇ.
ದಿನಕ್ಕೆ ಎಷ್ಟು ಪೆಗ್ ಅಂದರೆ
ಎರಡೇ ಎರಡು, ಏಸುವಿನ ಆಣೆ, ಅನ್ನುತ್ತಾರೆ.
ಮನಸ್ಸಿನಲ್ಲಿ ಐದು ಎಂದು ಬರೆದುಕೊಳ್ಳುತ್ತೇನೆ.
ಅವರಿಗೆ ಲಿವರು ಸಾಕ್ಷಿ, ನನಗೆ ಮೊಣಕಾಲು.

"ಬನ್ನಿ" ಅಂತ ಹೊರಗೆ ಕರೆದ.
ಅಶ್ವೇಂ ದಂಡೆ, ಅಕ್ಟೋಬರಿನ ಕೊನೆ,
ಮಳೆಗಾಲದ ಕೆಮ್ಮಣ್ಣು ನೀರಿನಿಂದ ಇಳಿದುಹೋಗಿದೆ.
ಮೊಣಕಾಲೆತ್ತರದ ಅಲೆ, ಅಪರೂಪಕ್ಕೆ ಸೊಂಟದೆತ್ತರ.
ಅವಸರವಿಲ್ಲದೆ ಬಂದು
ತುದಿಯಲ್ಲಿ ಪುಸಕ್ಕನೆ ಕುಸಿದು
ಉಕ್ಕಿದ ಹಾಲಿನಂತೆ ಮರಳಿಗೆ ಹರಡುತ್ತದೆ.
"ಇದಕ್ಕೆ ಜೋರಿಲ್ಲ. ಆ ಬಿಳಿ ಚೂರಿಗೆ ಜೋರು ಬೇಕು.
ನೀವು ನಿಂತರೆ ಅದು ಇಲ್ಲಿ
ಸಾರಿಗೆ ಬಿದ್ದ ಚಮಚ."

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಿದ್ದಳು ಅವ್ವ,
ಬೈನಾದ ತಗಡಿನ ಖೋಲಿಯಲ್ಲಿ,
ಆರು ಮಂದಿಗೆ ಒಂದೇ ಜಮಖಾನೆ ಹಾಸಿ.
ಹಾಸಿಗೆ ಆರಿಸುವ ಮಾತು ಅವಳು ಯಾವತ್ತೂ ಆಡಲಿಲ್ಲ.
ಅಪ್ಪ ಬಂದರಿನಲ್ಲಿ ಅದಿರು ತುಂಬಿ
ಉಗುಳಿದರೂ ಕೆಂಪು.
ಸಮುದ್ರ ಹಿತ್ತಲಲ್ಲೇ ಇತ್ತು.
ನಾವು ಅದಕ್ಕೆ ಬೆನ್ನು ಹಾಕಿ ಕೂತು
ಪಾತ್ರೆ ತೊಳೆದೆವು.

ಮಿಂಗೆಲ್ ಹಿಂದಿನಿಂದ ಎಳೆದು ತಂದದ್ದು
ಎಂಟೂವರೆ ಅಡಿ. ಇಪ್ಪತ್ತೆರಡೂವರೆ ಅಂಗುಲ ಅಗಲ.
ಸಾಸಿವೆ ಬಣ್ಣ, ಸೌಟಿನಂಥ ದುಂಡು ಮೂತಿ.
ಬಾಲದ ಬಳಿ ಬೆರಳಗಲದ ತೇಪೆ:
ಹಿಂದಿನವರು ಯಾರೋ ಬಂಡೆಗೆ ಬಡಿದದ್ದು.
ಹೆಬ್ಬೆರಳು ತಾನಾಗಿ ಗಾಯದ ಮೇಲೆ ಹೋಯಿತು, ಅಭ್ಯಾಸ.
ಚೆನ್ನಾಗಿ ಕೂಡಿತ್ತು. ಕೀವಿಲ್ಲ.

"ಇದರ ಮೇಲೆ ಎಷ್ಟು ದಿನ?"
"ಸಣ್ಣ ಅಲೆ ಸಾಕು ಅನ್ನಿಸುವ ತನಕ."
"ಆಮೇಲೆ?"
"ಆಮೇಲೂ ಸಣ್ಣ ಅಲೆಯೇ. ಇದು ಗೋವಾ."

ಹೊರಡುವಾಗ ಬಿಳಿಯದನ್ನು ಒಮ್ಮೆ ಮುಟ್ಟಿದೆ.
ಇಪ್ಪತ್ತೆರಡು ವಯಸ್ಸಿನ ಯಾವಳೋ ಬಂದು ಒಯ್ಯುತ್ತಾಳೆ.
ಸ್ವಲ್ಪ ಹೊಟ್ಟೆ ಉರಿಯಿತು.
ಎರಡರಿಂದ ಗುಣಿಸಿಕೊಳ್ಳಿ.

ಮಾಪ್ಸಾ ಬಸ್ಸಿನ ಕಂಡಕ್ಟರ್
ಒಣಮೀನಿನ ಬುಟ್ಟಿ, ಯಾರದೋ ಸ್ಟೀಲು ಕಪಾಟಿನ ನಡುವೆ
ಅದನ್ನು ಟಾಪಿಗೆ ಬಿಗಿದು ಇಳಿದ.
"ಇದಕ್ಕೂ ಟಿಕೆಟ್ಟಾಗುತ್ತದೆ ಬಾಯಿ,
ನಿಮಗಿಂತ ಉದ್ದ ಇದೆ."
ಎರಡು ಟಿಕೆಟ್ ಕೊಂಡೆ, ಅಕ್ಕಪಕ್ಕದ ಸಂಖ್ಯೆ.

ನಾಳೆ ಬೆಳಗಿನ ಪಾಳಿ, ನಾಡಿದ್ದೂ.
ನೀರಿಗೆ ಭಾನುವಾರದ ತನಕ ಕಾಯಬೇಕು.
ರಾತ್ರಿ ಫಿನ್ನು ಕಳಚಿ
ಮಂಚ ಗೋಡೆಗೆ ಸರಿಸಿ
ಹಲಗೆಯನ್ನು ನೆಲಕ್ಕೆ ಹಾಸಿದೆ.
ಮೇಲೆ ಮಲಗಿ ಕಾಲು ಚಾಚಿದೆ,
ಹೆಬ್ಬೆರಳ ತುದಿ ನೋಯುವಷ್ಟು.

ಪಾದದಾಚೆ ಇನ್ನೂ ಮೂರಡಿ ಉಳಿದಿತ್ತು.