ಆರಿದ ಕುಲುಮೆಗೆ ಗಾಳಿ ಊದುವ ಬಗೆ

ಶಂಕರಘಟ್ಟದ ಲ್ಯಾಬಿನಲ್ಲಿ ರಾತ್ರಿ ಎರಡೂವರೆ.
ತರೀಕೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದ
ಹನ್ನೆರಡು ಮೊಟ್ಟೆ, ಹತ್ತು ದಿನದ ಕಾವು.
ಬಿಡಿಸಿ ತೆಗೆದ ಎದೆಯ ಚೂರುಗಳು
ಗುಲಾಬಿ ನೀರಿನ ತಟ್ಟೆಯಲ್ಲಿ ತಂತಮ್ಮಷ್ಟಕ್ಕೆ ಮಿಡಿಯುತ್ತವೆ.
ಕೋಳಿಯಿಲ್ಲ, ಕೊಕ್ಕಿಲ್ಲ. ಮಿಡಿತ ಮಾತ್ರ.

ಪೆಟ್ಟಿಗೆಯೊಳಗಿಟ್ಟು, ಬಾಗಿಲು ಬಿಗಿದು
ನೈಟ್ರೋಜನ್ ಬಿಡುತ್ತೇನೆ.
ಮೊದಲ ಅರ್ಧ ತಾಸು ಏನೂ ಆಗದವರ ಹಾಗೆ ಇರುತ್ತವೆ.
ಆಮೇಲೆ ಒಂದು ತಾಳ ತಪ್ಪುತ್ತದೆ,
ಪಕ್ಕದ್ದು ಅದಕ್ಕಾಗಿ ಕಾಯುತ್ತದೆ,
ಕಾಯುತ್ತ ಕಾಯುತ್ತ ತಾನೂ ಮರೆಯುತ್ತದೆ.
ನಾಲ್ಕನೇ ತಾಸಿಗೆ ತಟ್ಟೆಯ ತುಂಬ ಮೌನ.
ಸಾವಲ್ಲ. ನೀಲಿ ಬಣ್ಣ ಬಿಟ್ಟು ನೋಡಿದ್ದೇನೆ:
ಸತ್ತದ್ದು ನೀಲಿ ಕುಡಿಯುತ್ತದೆ, ಇವು ಕುಡಿಯಲಿಲ್ಲ.
ಇದ್ದಬದ್ದದ್ದನ್ನು ಸೆರಗಿಗೆ ಕಟ್ಟಿಕೊಂಡು ಕೂತಿವೆ.

ಕೊಲ್ಲುವುದು ಬಾಗಿಲು ತೆರೆದ ಮೇಲೆ.
ಬೇಡಿದ್ದೇ ಬಂತು, ಅದೂ ಮೊಗೆದು ಮೊಗೆದು;
ಹತ್ತೇ ನಿಮಿಷಕ್ಕೆ ಕೋಶ ಮುಷ್ಟಿ ಬಿಗಿಯುತ್ತದೆ,
ಬಿಚ್ಚಲಾಗದೆ ಬಿರಿಯುತ್ತದೆ.
ನೂರರಲ್ಲಿ ನಲವತ್ತು ನೀಲಿ.
ಮೂರು ತಿಂಗಳಿಂದ ಇದೇ. ದಾಕ್ಷಾಯಿಣಿ ಮೇಡಂ
ಇನ್ನೊಂದು ಸಲ ಎಣಿಸು ಅನ್ನುತ್ತಾರೆ. ಎಣಿಸುತ್ತೇನೆ.

ಭಾನುವಾರ ಭದ್ರಾವತಿಯಲ್ಲಿ, ಹಿತ್ತಿಲ ಕಲ್ಲಿಗೆ ಮೀನು ಉಜ್ಜುತ್ತಿದ್ದ
ಅಪ್ಪನಿಗೆ ಹೇಳಿದೆ.
ಮೂವತ್ತೊಂದು ವರ್ಷ ಕಾರ್ಖಾನೆಯ ಇಟ್ಟಿಗೆ ಗ್ಯಾಂಗು,
ಗೇಟ್ ಪಾಸಿನಲ್ಲಿ ಆರೋಗ್ಯಸ್ವಾಮಿ, ಎದೆತುಂಬ ಕೆಮ್ಮು.
ಹುರುಪೆ ಕೊಡವಿಕೊಂಡು ನಕ್ಕ:
"ಆರಿದ ಕುಲುಮೆಗೆ ಒಂದೇ ಸಲ ಗಾಳಿ ಕೊಟ್ಯಾ?
ಯಾರು ಕಲಿಸಿದ್ದು ನಿನಗೆ?
ಇಟ್ಟಿಗೆ ತಣ್ಣಗಿದ್ದಾಗ ಸುಮ್ನೆ ಇರ್ತದೆ,
ಬಿಸಿ ನುಗ್ಗಿದಾಗ ಸೀಳೋದು.
ಮೊದಲನೇ ದಿನ ಸೌದೆ ಬೆಂಕಿ, ಅಂಗೈ ಕಾಯಿಸೋವಷ್ಟು.
ನಿಲ್ಸು. ಮತ್ತೆ ಒಂಚೂರು. ನಿಲ್ಸು.
ಗೋಡೆಗೆ ಕಿವಿ ಇಡು. ಚಿಟ್ ಅಂತೋ, ಅವತ್ತಿಗೆ ಅಷ್ಟೇ.
ಒಂದ್ಸಲ ಸಾಹೇಬ್ರಿಗೆ ಅರ್ಜೆಂಟು,
ಮೂರೇ ದಿನಕ್ಕೆ ಪೂರಾ ಊದಿಸಿದ್ರು..."
ಮಾತು ಅಲ್ಲಿಗೇ ಬಿಟ್ಟ.
ಮೊಣಕೈಯ ಹಳೆಯ ಸುಟ್ಟ ಕಲೆಯನ್ನು
ಬೆಕ್ಕಿನ ಬೆನ್ನು ಸವರಿದ ಹಾಗೆ ಸವರಿಕೊಂಡ.

ಈ ಊರಿಗೆ ಆಮ್ಲಜನಕದ ಇನ್ನೊಂದು ಮುಖ ಗೊತ್ತು.
ನೀರಿನ ಡ್ರಮ್ಮು, ಸೈಕಲ್ಲಿನ ಕ್ಯಾರಿಯರ್, ಬಚ್ಚಲ ಚಿಲಕ
ತಿಂದದ್ದು ಬೆಂಕಿಯಲ್ಲ, ಉಸಿರಾಡುವ ಇದೇ ಗಾಳಿ.
ಒಳಗೂ ಕಬ್ಬಿಣವೇ ನಾವು, ರಕ್ತದಲ್ಲಿ ಚಿಟಿಕೆಯಷ್ಟು.
ನಮ್ಮ ತುಕ್ಕಿಗೆ ಅವಸರ ಜಾಸ್ತಿ.

ಇವತ್ತು ಹಾಗೇ ಮಾಡಿದೆ.
ಐದು ನಿಮಿಷ ಗಾಳಿ. ಐದು ನಿಮಿಷ ಇಲ್ಲ.
ಮತ್ತೆ ಐದು. ಮತ್ತೆ ಇಲ್ಲ.
ಕೊಟ್ಟು ಕಿತ್ತುಕೊಳ್ಳುವ ಈ ಕೈ ನನ್ನದೇ;
ಉಣ್ಣುವವರ ಮುಂದಿನ ಎಲೆ ಎಳೆದ ಹಾಗೆ ನಾಚಿಕೆ.
ಮೂರನೇ ಸಲ ಮುಚ್ಚುವಾಗ ಕರೆಂಟು ಹೋಯಿತು.
ಜನರೇಟರ್ ಗೊರಗೊರ ಎನ್ನುವ ತನಕ
ಕತ್ತಲಲ್ಲಿ ನಾನೂ ಉಸಿರು ಹಿಡಿದಿದ್ದೆ, ಯಾಕೋ.

ನೂರರಲ್ಲಿ ಇಪ್ಪತ್ತಮೂರು ನೀಲಿ.
ಎಣಿಸಿದ್ದು ಒಂದೇ ತಟ್ಟೆ, ಒಂದೇ ರಾತ್ರಿ;
ಯಾರ ಎದುರಿಗೂ ಇಡುವ ಸಾಕ್ಷಿಯಲ್ಲ.
ಮೇಡಂ ಏನನ್ನುತ್ತಾರೆ ಗೊತ್ತು.

ಬಣ್ಣ ಹಾಕದ ಇನ್ನೊಂದಕ್ಕೆ ಕಣ್ಣಿಟ್ಟಿದ್ದೇನೆ.
ಅಂಚಿನಲ್ಲಿ ಒಂದು ಅಲುಗಿತು.
ನಿಂತಿತು.
ಸೂಕ್ಷ್ಮದರ್ಶಕಕ್ಕೆ ಕೆನ್ನೆ ಒತ್ತಿ, ಗೋಡೆಗೆ ಕಿವಿಯಿಟ್ಟವಳ ಹಾಗೆ
ಕಾಯುತ್ತಿದ್ದೇನೆ,
ಪಕ್ಕದ್ದಕ್ಕೆ ಅದು ಹೇಳುತ್ತದೋ ಎಂದು.