ಮಿನಿಟಿಗೆ ಮೂವತ್ತಾರು ಮೀಟರು

ನಾಗಪುರ ಎಷ್ಟು ದೂರ ಅಂದರೆ
ನನ್ನ ಬಾಯಿಗೆ ಮೊದಲು ಬರುವುದು ಬಸ್ಸಿನ ಲೆಕ್ಕ:
ಸೋಲಾಪುರಕ್ಕೆ ಇಳಿ, ಬೇರೆ ಗಾಡಿ ಹಿಡಿ,
ಏಳುನೂರು ಕಿಲೋಮೀಟರಿನ ಹತ್ತಿರ,
ಇಡೀ ಒಂದು ರಾತ್ರಿ, ಮೇಲೆ ಅರ್ಧ ಹಗಲು.
ವಿಜಯಪುರ ನಿಲ್ದಾಣದ ವಿಚಾರಣೆ ಕಿಂಡಿಯಲ್ಲಿ
ಹತ್ತೊಂಬತ್ತು ವರ್ಷ ಕೂತವಳು ನಾನು.

ಮೀರಾಸಾಬ ನಕ್ಕ.
"ಅದು ಮಂದಿ ದಾರಿ ಅಕ್ಕಾರ.
ಹಕ್ಕಿಗೆ ಸೋಲಾಪುರ ಹತ್ತೂದಿಲ್ಲ."
ಹಾಳೆ ಚಾಚಿದ: ಐನೂರಾ ತೊಂಬತ್ತೇಳು.
ನೆಟ್ಟಗೆ, ದಾರ ಹಿಡಿದು ಎಳೆದಂತೆ.
ನನ್ನ ನೂರು ಕಿಲೋಮೀಟರು ಎಲ್ಲಿ ಹೋದವು?
ಆ ರಾತ್ರಿ ಮಲಗಿ ಹುಡುಕಿದೆ:
ತಿರುವು, ಬೈಪಾಸು, ಟೋಲು,
ಊಟಕ್ಕೆ ನಿಲ್ಲುವ ಢಾಬೆಯ ನೊಣ.

ಪುಷ್ಯದ ಚಳಿ. ಒಣದ್ರಾಕ್ಷಿಯ ಲಾರಿ ಏರಿ
ಬಿದಿರ ಬುಟ್ಟಿಯೊಳಗೆ ಇಪ್ಪತ್ತೆರಡು ಪಾರಿವಾಳ ಹೋದವು.
ಮೂರನೆಯ ಮುಂಜಾನೆ, ಏಳಕ್ಕೆ ಸರಿಯಾಗಿ,
ಕ್ಲೀನರ್ ಚಂದ್ರಾಮನ ಫೋನು:
"ಬಿಟ್ಟೇನ್ರಿ. ಎರಡು ಸುತ್ತ ಹೊಡದು ಹಾದಿ ಹಿಡದ್ವು."

ಮಾಳಿಗೆ. ಒಂದು ಬೊಗಸೆ ಜೋಳ, ಬೋಗುಣಿ ನೀರು.
ಅವನ ಕೈಯಲ್ಲಿ ಗಾಜು ಸೀಳಿದ ಗಡಿಯಾರ,
ನನ್ನ ಕೈಯಲ್ಲಿ ಪೆನ್ನು, ರಜೆ ಹಾಕಿದ ಒಂದು ಹಗಲು.
ಹನ್ನೊಂದಕ್ಕೆ ಕೇಳಿದೆ, ಈಗ ಎಲ್ಲಿ?
"ನಾಂದೇಡದ ಅತ್ತ ಇತ್ತ. ಗೋದಾವರಿ ಕಾಣಸಿರಬೇಕು."
ಎರಡಕ್ಕೆ, "ಅಕ್ಕಲಕೋಟಿ ಆಚೆ."
ಮೂರಕ್ಕೆ ಭೀಮೆ.
ನನ್ನ ಕಿಂಡಿಯಲ್ಲಿ ಊರೆಂದರೆ
ಪ್ಲಾಟ್‌ಫಾರ್ಮಿನ ಅಂಕಿ, ಚಿಲ್ಲರೆ ಕಾಸು.
ಅವನು ಹೇಳಿದಾಗ ಅದೇ ಹೆಸರುಗಳ ಕೆಳಗೆ
ನೀರು ಹರಿಯುತ್ತಿತ್ತು, ಕಡಲೆ ಹೊಲ ಹಸಿರಾಗಿತ್ತು.

ಇಂಡಿಯ ಕಡೆ ಆಕಾಶದಲ್ಲಿ ಒಂದು ಎಳ್ಳು.
ಎಳ್ಳಿಗೆ ರೆಕ್ಕೆ ಬಂತು.
ಮೂರು ಮೂವತ್ತೆಂಟು!
ಮಿನಿಟಿಗೆ ಸಾವಿರದ ನೂರಾ ಐವತ್ತೆರಡು ಮೀಟರು. ಬರೆದೆ.
ಕತ್ತಲಾಗುವ ಹೊತ್ತಿಗೆ ಇಪ್ಪತ್ತೊಂದು.

ಒಂದು ಬರಲಿಲ್ಲ. ಕಂದು ಕುತ್ತಿಗೆಯ ಹೆಣ್ಣು.
ಹೆಸರಿಡುವ ಚಾಳಿ ಅವನಿಗಿಲ್ಲ; ನಂಬರು ನಲವತ್ತು.
ಗಿಡುಗವೋ ತಂತಿಯೋ, ಅವನು ಆ ಮಾತೇ ಎತ್ತಲಿಲ್ಲ.
ಮಾಳಿಗೆಯ ಲೈಟು ಮಾತ್ರ ಆರಿಸಲಿಲ್ಲ.
ಕರೆಂಟು ಬಿಲ್ಲು ನೆನೆಸಿ ಅವನ ಹೆಂಡತಿ ಹುಸೇನಬಿ
ಮೂರು ರಾತ್ರಿ ಬೈದಳು.
ನಾಲ್ಕನೆಯ ರಾತ್ರಿ ತಾನೇ ಹಚ್ಚಿದಳು.

ಹನ್ನೆರಡನೆಯ ದಿನ ಸಂಜೆ, ಐದೂ ಹತ್ತು ದಾಟಿತ್ತು,
ಕಿಂಡಿಗೆ ಫೋನು: "ಅಕ್ಕಾರ, ಡೂಟಿ ಮುಗಿಸಿ ಬರ್ರಿ."

ಎದೆಯ ಗಾಯದ ಮೇಲೆ ಒಣಗಿದ ಅರಿಶಿಣ,
ಯಾವ ಊರಿನ ಅಡಿಗೆಮನೆಯದೋ.
ಕಾಲಲ್ಲಿ ನಮ್ಮ ಉಂಗುರದ ಪಕ್ಕ
ಯಾರೋ ಕಟ್ಟಿದ ಹಸಿರು ನೂಲು.

"ಬರೀರಿ" ಅಂದ.
ಏನು ಬರೆಯಲಿ, ಇದು ಯಾರದೋ ಮನೆಯಲ್ಲಿ
ಉಂಡು ಮಲಗಿ ಬಂದದ್ದು,
ಆ ದಿನಗಳನ್ನು ಕಳೆಯಬೇಡವೇ?
"ಯಾಕ ಕಳೀಬೇಕು?
ನಿಮ್ಮ ಬಸ್ಸು ಊಟಕ್ಕ ನಿಂತಿದ್ದು ಕಳೀತೀರೇನು?"

ಕಳೆಯುವುದಿಲ್ಲ.
ಹನ್ನೊಂದು ದಿನ, ಹತ್ತು ತಾಸು, ಹತ್ತು ಮಿನಿಟು.
ಭಾಗಿಸಿದೆ. ನಂಬದೆ ಇನ್ನೊಮ್ಮೆ ಭಾಗಿಸಿದೆ.
ಮಿನಿಟಿಗೆ ಮೂವತ್ತಾರು ಮೀಟರು.
ಮೊಣಕಾಲು ಹಿಡಿದ ನಮ್ಮವ್ವ
ರೇಶನ್ ಅಂಗಡಿಗೆ ಇದಕ್ಕಿಂತ ಜೋರು ನಡೆಯುತ್ತಾಳೆ.

ಮೀರಾಸಾಬ ಅಂಕಿಯನ್ನು ಬೆಳಕಿಗೆ ಹಿಡಿದು ನೋಡಿದ,
"ಚೊಲೊ ಅದ" ಅಂದ.
ನಲವತ್ತು ಬೋಗುಣಿಗೆ ಕೊಕ್ಕು ಅದ್ದಿ
ತಲೆ ಎತ್ತದೆ ಕುಡಿಯುತ್ತಿತ್ತು.
ನೂಲು ಬಿಚ್ಚಬೇಕಲ್ಲ ಅನ್ನುತ್ತ
ಕತ್ತರಿ ತರಲು ಕೆಳಗಿಳಿದ ಹುಸೇನಬಿ
ಜೋಳ ತಂದಳು.