ಇಳಿತದ ಹೊತ್ತು

ಗಯಾನಾದ ಈ ಕರೆಯಲ್ಲಿ
ಕಡಲು ನಮ್ಮ ಮಂಚಕ್ಕಿಂತ ಎತ್ತರದಲ್ಲಿ ಮಲಗುತ್ತದೆ.
ನಡುವೆ ಮಣ್ಣಿನ ಏರಿ, ಏರಿಯಲ್ಲೊಂದು ತೂಬು,
ತೂಬಿಗೆ ಮರದ ಬಾಗಿಲು.
ಇಳಿತಕ್ಕೆ ಎತ್ತಬೇಕು, ಉಬ್ಬರಕ್ಕೆ ಮುಂಚೆ ಇಳಿಸಬೇಕು.
ತಪ್ಪಿತೋ, ಗದ್ದೆಯೂ ಹೋಯಿತು ಒಲೆಯೂ ಹೋಯಿತು.

ಬಾಗಿಲೆತ್ತುವ ರಾಟೆಗೆ ಎರಡು ಹಿಡಿ.
ಮನೆಗಳು ಉರಿದ ಆ ವರ್ಷ
ಕರಾರಿಗೆ ಹೆಬ್ಬೆಟ್ಟೊತ್ತಿ ಹಡಗು ಹತ್ತಿದವರ ಮೊಮ್ಮಕ್ಕಳು ಕಾಲುವೆಯ ಮೂಡಲಿಗೆ,
ಅದೇ ಕಬ್ಬಿಗೆ, ಅವರಿಗೂ ಮುಂಚೆ,
ಸರಪಳಿಯಲ್ಲಿ ಬಂದವರ ಮರಿಮಕ್ಕಳು ಪಡುವಲಿಗೆ,
ಪಾತ್ರೆ ಪಗಡ ಹೊತ್ತು ಸರಿದರು.
ಹೋಗುವಾಗ ಒಂದೊಂದು ಹಿಡಿ ಕಳಚಿ
ಒಂದೊಂದು ಊರು ಒಯ್ದಿತು.
ನೀವಿಲ್ಲದೆ ನಾವು ಮುಳುಗುತ್ತೇವೆ, ಸರಿ;
ನಾವಿಲ್ಲದೆ ನೀವೂ.

ಹೀಗೆ ಶುರುವಾಯಿತು.
ನಂಬಿಕೆ ಎಂಬ ಹೆಸರು ಅದಕ್ಕೆ ತೀರಾ ದೊಡ್ಡದು;
ಲೆಕ್ಕ ಎನ್ನಿ.

ರಾತ್ರಿ ಎರಡೂ ಮುಕ್ಕಾಲು.
ಮೂಡಲಿಂದ ನನ್ನಜ್ಜಿ ಧನ್‌ರಾಜಿ, ಓಢನಿಯಲ್ಲಿ ಸುತ್ತಿದ ಕಬ್ಬಿಣ;
ಪಡುವಲಿಂದ ವಿಲ್ಬರ್ಟಾ ಆಡಮ್ಸ್,
ಸತ್ತ ಗಂಡನ ಬೂಟು ತೊಟ್ಟು, ಲಾಟೀನು ಹಿಡಿದು.
ಒಬ್ಬಳು ಒತ್ತಿದರೆ ಒಬ್ಬಳು ಎಳೆದಳು.
ಕೀಲು ಕಿರುಗುಟ್ಟಿತು, ನೀರು ಧುಮುಕಿತು,
ಸೊಳ್ಳೆ ಇಬ್ಬರನ್ನೂ ಕಡಿದವು.
ಆರು ವರ್ಷಕ್ಕೆ ಮೂರೇ ಮಾತು:
ಹಿಡಿ. ಬಿಡು. ಸಾಕು.

ಏಳನೆಯ ಮಳೆಗಾಲ ಅಜ್ಜಿಗೆ ಚಳಿಜ್ವರ.
ಯಾರು ಹೋಗಬೇಕೆಂದು ಗಂಡಸರು ಜಗಲಿಯಲ್ಲಿ ವಾದಿಸುತ್ತಿದ್ದಾಗ
ಒಂಬತ್ತರ ಹುಡುಗ ನನ್ನಪ್ಪನನ್ನು ಹಿತ್ತಿಲಿಂದ ಕಳಿಸಿದಳು:
'ಅವಳ ಕೈಗೇ ಕೊಡು. ಕೊಟ್ಟು ಬಾ.'
ವಿಲ್ಬರ್ಟಾ ಲಾಟೀನೆತ್ತಿ ಅವನ ಮುಖ ನೋಡಿದಳಂತೆ,
ಬಹಳ ಹೊತ್ತು.
ಎರಡು ಹಿಡಿಯೂ ಈಗ ಅವಳವು. ಎರಡೂರಿನ ನೀರೂ.
ಆ ರಾತ್ರಿ ಅಜ್ಜಿ ನಡುಗಿದ್ದು
ಜ್ವರಕ್ಕೋ, ಮಾಡಿದ ಕೆಲಸಕ್ಕೋ,
ಕೊನೆಯವರೆಗೂ ಹೇಳಲಿಲ್ಲ.

ಬೆಳಗ್ಗೆ ಗದ್ದೆ ಬಸಿದಿತ್ತು.
ಮೆಟ್ಟಿಲ ಮೇಲೆ ಹಿಡಿ,
ತುಕ್ಕು ಉಜ್ಜಿ, ಕೊಬ್ಬರಿ ಎಣ್ಣೆ ಸವರಿ;
ಪಕ್ಕದಲ್ಲಿ ಜ್ವರಕ್ಕೆಂದು ಒಂದು ಕಟ್ಟು ಮಜ್ಜಿಗೆಹುಲ್ಲು.
ಕಷಾಯವನ್ನು ಮೊದಲು ಬೆಕ್ಕಿಗೆ ಕುಡಿಸಲು ನೋಡಿದರು.
ಬೆಕ್ಕು ಒಲ್ಲೆ ಅಂದಿತು.
ಅಜ್ಜಿ ಲೋಟ ಕಿತ್ತುಕೊಂಡು ಕುಡಿದಳು.

ಈಗ ಹಿಡಿಗಳೆರಡೂ ತೂಬಿನ ಗುಡಿಸಲಲ್ಲಿ
ಒಂದೇ ಮೊಳೆಗೆ ತೂಗುತ್ತವೆ.
ಚುನಾವಣೆಯ ತಿಂಗಳು ಮಾತ್ರ
ಅಲ್ಲಿಂದಲೋ ಇಲ್ಲಿಂದಲೋ ಯಾರಾದರೊಬ್ಬರು
ಕತ್ತಲಲ್ಲಿ ಬಂದು ಮೊಳೆ ನೋಡಿಹೋಗುತ್ತಾರೆ.
ನಾನೂ ಹೋಗಿದ್ದೇನೆ, ಸುಳ್ಳೇಕೆ.
ಕೈಯಾಡಿಸಿದೆ: ಒಂದು, ಎರಡು.
ಬಾಗಿಲಾಚೆ ಯಾರೋ ಕೆಮ್ಮಿದರು.
'ಇವೆಯಾ?'
'ಇವೆ' ಎಂದೆ.